ವಾಲ್ದ್ರೆಸ್‌ನವನ ಮೊದಲ ಪೆಟ್ಟು

ಮಾರ್ಚ್ ತಿಂಗಳಲ್ಲಿ ರೌಲಾಂಡಿನ ಬೆಳಕು ನೆಲದಿಂದ ಮೇಲಕ್ಕೆ ಬರುತ್ತದೆ. ಸೂರ್ಯ ಇನ್ನೂ ಬೆಟ್ಟದ ಹಿಂದಿರುವಾಗಲೇ ಹಿಮ ನೀಲಿಯಾಗಿ ಹೊಳೆಯತೊಡಗುತ್ತದೆ. ಟೋತಾಕ್ ಸರೋವರದ ಮೇಲೆ ಮಂಜು ಅಲುಗದೆ ನಿಂತಿರುತ್ತದೆ. ಆ ಹೊತ್ತಿಗೆ ಯೋರುಂಡ್ ಲೋಮೆನ್ ತನ್ನ ಪಾಲಿನ ಅರವತ್ತೆರಡು ಕಿಲೋಮೀಟರ್ ರಸ್ತೆಯಲ್ಲಿ ಅರ್ಧದಷ್ಟು ಹಿಮವನ್ನು ಲಾರಿಯಿಂದ ಬದಿಗೆ ತಳ್ಳಿ ಮುಗಿಸಿರುತ್ತಾನೆ. ಲಾರಿಯ ಮುಂದಿನ ಉಕ್ಕಿನ ಅಲಗು ರಸ್ತೆ ಕೆರೆಯುವ ಸದ್ದು ಒಂದೇ ಸಮನೆ ಇರುತ್ತದೆ. ಇಪ್ಪತ್ತೆರಡು ವರ್ಷ ಕೇಳಿದವನಿಗೆ ಅದು ಸದ್ದಲ್ಲ, ಒಂದು ಬಗೆಯ ಮೌನ. ಆ ಮೌನದೊಳಗೆ ಅವನ ಎಡಗಾಲು ತಾನೇ ತಾನಾಗಿ ಅಲುಗುತ್ತಿರುತ್ತದೆ.

ಈ ವರ್ಷ ತೊಂದರೆಯಾದದ್ದು ಆ ಕಾಲಿನಿಂದಲೇ.

ಯೋರುಂಡ್‌ಗೆ ಈಗ ನಲವತ್ತಾರು. ಅಗಲ ಅಂಗೈ, ಬಿಳಿ ಹುಬ್ಬು, ಮಾತು ಕಡಿಮೆ. ಹುಟ್ಟಿದ್ದು ಮೂರು ಬೆಟ್ಟಸಾಲು ಆಚೆಯ ವಾಲ್ದ್ರೆಸ್ ಕಣಿವೆಯಲ್ಲಿ. ಹದಿನೈದನೆಯ ವಯಸ್ಸಿಗೇ ದನದ ಕೊಟ್ಟಿಗೆಯಲ್ಲಿ, ಹಾಲು ತಣಿಸುವ ತೊಟ್ಟಿಯ ಪಕ್ಕ ಡ್ರಮ್ಸ್ ಇಟ್ಟುಕೊಂಡು ಮೆಟಲ್ ಸಂಗೀತ ಬಾರಿಸುತ್ತಿದ್ದ. ಇಪ್ಪತ್ತನಾಲ್ಕಕ್ಕೆ ಸಿಗ್ನೆ ಎಂಬ ದಾದಿಯ ಹಿಂದೆ ತೆಲೆಮಾರ್ಕ್ ಸೀಮೆಯ ರೌಲಾಂಡಿಗೆ ಬಂದ, ಮದುವೆಯಾದ, ಇಬ್ಬರು ಹೆಣ್ಣುಮಕ್ಕಳಾದರು. ಊರಿನವರ ಬಾಯಲ್ಲಿ ಅವನಿಗೆ ಇವತ್ತಿಗೂ ‘ವಾಲ್ದ್ರಿಸ್’ ಎಂದೇ ಹೆಸರು, ಅಂದರೆ ವಾಲ್ದ್ರೆಸ್‌ನವನು. ಅದರಲ್ಲಿ ಅರ್ಧ ಕೀಟಲೆ, ಅರ್ಧ ಎಚ್ಚರಿಕೆ.

ಹನ್ನೊಂದು ವರ್ಷದಿಂದ ಅವನು ‘ಸ್ಕಾರೆ’ ತಂಡದ ಡ್ರಮ್ಮರ್. ಹಗಲು ಕರಗಿ ಮತ್ತೆ ಗಟ್ಟಿಯಾದ ಹಿಮದ ಮೇಲ್ಪದರಕ್ಕೆ ಇಲ್ಲಿ ಸ್ಕಾರೆ ಎನ್ನುತ್ತಾರೆ. ಅದರ ಮೇಲೆ ನಡೆಯಬಹುದು, ಯಾವ ಹೆಜ್ಜೆಗೆ ಒಡೆದೀತು ಎಂದು ಹೇಳಲಾಗದು. ತಂಡದಲ್ಲಿ ನಾಲ್ವರು. ಗಿಟಾರ್ ನುಡಿಸುತ್ತ ಗಂಟಲಾಳದಿಂದ ಗರ್ಜಿಸುವವನು ಆಸ್ಲಾಕ್, ಮರಗೆಲಸದವನು. ಹಾರ್ಡಿಂಗ್ ಪಿಟೀಲು ನುಡಿಸುತ್ತ ತಿಳಿಗಂಟಲಲ್ಲಿ ಹಾಡುವವಳು ಓಸ್ನೆ, ಶಾಲೆಯ ಮೇಡಂ. ಬೇಸ್ ಹಿಡಿಯುವ ಶೆಟಿಲ್ ಮಾತಾಡುವುದು ವರ್ಷಕ್ಕೆರಡು ಸಲ ಎಂದು ಊರಲ್ಲಿ ನಗುತ್ತಾರೆ. ಶಾಲೆ ಬಿಟ್ಟ ಮೇಲೆ ಮಂಗಳವಾರ, ಗುರುವಾರ ಊರಿನ ಸಮುದಾಯ ಭವನದಲ್ಲಿ ಸೇರುತ್ತಾರೆ.

ಅವರ ಮೊದಲ ಆಲ್ಬಮ್ಮಿಗೆ ಆರು ಹಾಡು. ಹೆಸರು ‘ಇಸ್‌ಲೆಗ್ಗಿಂಗ್’, ಸರೋವರ ಹೆಪ್ಪುಗಟ್ಟುವ ಹೊತ್ತು. ಐದು ಹಾಡು ಚಳಿಗಾಲಕ್ಕೆ ಮುಂಚೆಯೇ ಸಿದ್ಧವಾಗಿದ್ದವು. ಆ ಐದನ್ನು ಭವನದ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದವರಿಗೆ ಮೊದಲು ತಿಳಿಯುವುದು, ಈ ಸಂಗೀತಕ್ಕೆ ಅವಸರವಿಲ್ಲ ಎಂಬುದು. ಗಿಟಾರ್ ತೀರಾ ಕೆಳಗಿನ ಸ್ವರಕ್ಕೆ ಇಳಿದು ಬಂಡೆ ಉರುಳಿದಂತೆ ಬರುತ್ತದೆ; ಅದೇ ಸ್ವರವನ್ನು ಪಿಟೀಲು ಮೇಲಿನಿಂದ ತೆಳ್ಳಗೆ ಹಿಡಿದಿರುತ್ತದೆ. ಹಾರ್ಡಿಂಗ್ ಪಿಟೀಲಿಗೆ ಕಮಾನು ತಾಗದ ಇನ್ನೂ ನಾಲ್ಕೈದು ತಂತಿಗಳು ಕೆಳಗೆ ಇರುತ್ತವೆ. ಮೇಲಿನದು ನುಡಿದಾಗ ಅವು ತಮ್ಮಷ್ಟಕ್ಕೆ ಗುಂಯ್‌ಗುಡುತ್ತವೆ. ಹೀಗಾಗಿ ಗಿಟಾರಿನ ಗದ್ದಲ ಥಟ್ಟನೆ ನಿಂತಾಗ ಅಲ್ಲಿ ಖಾಲಿ ಉಳಿಯುವುದಿಲ್ಲ, ಮಂಜುಗಡ್ಡೆಯಡಿ ನೀರು ಹರಿದಂಥ ಏನೋ ಉಳಿಯುತ್ತದೆ. ಎರಡನೆಯ ಹಾಡು ಏಳರ ತಾಳ. ನಾಲ್ಕನೆಯದು ಐದರಲ್ಲಿ ತೊಡಗಿ ಹನ್ನೊಂದಕ್ಕೆ ಹೋಗಿ, ಕೇಳುವವನಿಗೆ ಗೊತ್ತಾಗದಂತೆ ಮರಳುತ್ತದೆ. ಗರ್ಜನೆ ಮತ್ತು ತಿಳಿಗಂಟಲು ಜಗಳವಾಡುವುದಿಲ್ಲ, ಒಂದೇ ಮನೆಯ ಎರಡು ಕೋಣೆಗಳಿಂದ ಮಾತಾಡುತ್ತವೆ. ಇವೆಲ್ಲದರ ಕೆಳಗೆ ಯೋರುಂಡ್. ಹೊಡೆಯಬಹುದಾದ ಕಡೆಯೆಲ್ಲ ಹೊಡೆಯದೆ ಬಿಡುವುದು ಅವನ ಜಾಣ್ಮೆ. ಮೂರು ನಿಮಿಷ ಒಂದೇ ತಗ್ಗುದನಿಯ ಡ್ರಮ್ ಮೇಲೆ ಕೈಯಿಟ್ಟು, ಸಿಂಬಲ್ ತಟ್ಟೆ ಮುಟ್ಟದೆ ಕಾಯುತ್ತಾನೆ. ಕೊನೆಗೆ ಮುಟ್ಟಿದಾಗ ಕಿಟಕಿ ತೆರೆದಂತಾಗುತ್ತದೆ.

ಆರನೆಯ ಹಾಡು ಮಾತ್ರ ಕೂಡಿ ಬರಲಿಲ್ಲ.

ಅದು ಆಸ್ಲಾಕನ ಅಜ್ಜಿಯ ಪಿಟೀಲಿನಿಂದ ಬಂದ ಸ್ಪ್ರಿಂಗಾರ್, ಅಂದರೆ ಈ ಕಣಿವೆಗಳ ಜೋಡಿ ಕುಣಿತದ ಮಟ್ಟು. ಮೂರು ಪೆಟ್ಟಿನದು, ಆದರೆ ಮೂರೂ ಸಮ ಅಲ್ಲ. ಒಂದು ಉದ್ದ, ಒಂದು ನಡು, ಒಂದು ಗಿಡ್ಡ. ಆಸ್ಲಾಕ್ ಅದನ್ನು ಗಿಟಾರಿಗೆ ಇಳಿಸಿ, ಹದಿನಾಲ್ಕು ನಿಮಿಷದ ಹಾಡು ಮಾಡಿದ್ದ. ಆಲ್ಬಮ್ಮಿಗೆ ಹೆಸರು ಕೊಟ್ಟದ್ದೂ ಅದೇ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅವರು ಅದನ್ನು ನುಡಿಸಿದರು, ನಿಲ್ಲಿಸಿದರು, ಮತ್ತೆ ನುಡಿಸಿದರು. ಪ್ರತಿಸಲವೂ ಎರಡನೆಯ ನಿಮಿಷಕ್ಕೆ ದೋಣಿಯಲ್ಲಿ ತಲೆ ಸುತ್ತಿದಂತೆ ಆಗುತ್ತಿತ್ತು.

“ಏ ವಾಲ್ದ್ರಿಸ್, ಅಲಂಕಾರ ಬೇಡ ಮಾರಾಯ. ನೆಟ್ಟಗೆ ಬಾರಿಸು,” ಎನ್ನುತ್ತಿದ್ದ ಆಸ್ಲಾಕ್.

“ನಾನೆಲ್ಲಿ ಅಲಂಕಾರ ಮಾಡ್ದೆ? ಎಲ್ಲಿ ಹೊಡೀಬೇಕೋ ಅಲ್ಲೇ ಹೊಡೆದೆ.”

“ಬಾಗಿಲು ತೆಗೆಯೋಕೆ ಮುಂಚೇನೇ ಒಳಗೆ ನುಗ್ಗಿದ ಹಾಗಿದೆ.”

“ನೀವು ಬಾಗಿಲು ತಡವಾಗಿ ತೆಗೆದ್ರೆ ನಾನೇನು ಮಾಡ್ಲಿ?”

ಓಸ್ನೆ ಒಂದು ದಿನ ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ನೋಡಿದಳು. ಗಿಟಾರ್, ಪಿಟೀಲು, ಡ್ರಮ್ಸ್, ಎಲ್ಲರ ಪೆಟ್ಟುಗಳೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದರ ಕೆಳಗೊಂದು ನಿಂತಿದ್ದವು. ತಪ್ಪು ಯಾರದೂ ಇರಲಿಲ್ಲ. ಅದೇ ಎಲ್ಲರನ್ನೂ ಹೆಚ್ಚು ಕೆಣಕಿತು.

ಎಣಿಸಿ ನೋಡಿದ್ದರೆ ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಉಳಿದ ಐದು ಹಾಡುಗಳನ್ನು ಅವರು ಬಾಯ್ಬಿಟ್ಟು ಎಣಿಸಿಯೇ ಕಲಿತವರು. ಆದರೆ ಸ್ಪ್ರಿಂಗಾರನ್ನು ಇಲ್ಲಿ ಯಾರೂ ಎಣಿಸುವುದಿಲ್ಲ. ಬೇಸಿಗೆಯಲ್ಲಿ ಕುಣಿತ ಕಲಿಯಲು ಬರುವ ಪಟ್ಟಣದವರು ಎಣಿಸುತ್ತಾರೆ. ಊರಿನವರು ಅದನ್ನು ನೋಡಿ ನಕ್ಕು ಮುಖ ತಿರುಗಿಸುತ್ತಾರೆ. ಅದು ತೊಟ್ಟಿಲಲ್ಲೇ ಮೈಗೆ ಬಂದಿರಬೇಕು. ನಾಲ್ವರ ಮೈಗೂ ಬಂದಿತ್ತು. ಹಾಗಾಗಿ ನಾಲ್ವರೂ ಬಾಯಿ ಮುಚ್ಚಿಕೊಂಡಿದ್ದರು.

ಏಪ್ರಿಲ್ ಮಧ್ಯದಲ್ಲಿ ಬೋ ಊರಿನ ಸ್ಟುಡಿಯೋ ಒಂಬತ್ತು ದಿನಕ್ಕೆ ಗೊತ್ತಾಗಿತ್ತು. ಮಾರ್ಚ್ ಮೊದಲ ಗುರುವಾರ ಆಸ್ಲಾಕ್ ಗಿಟಾರಿನ ತಂತಿಗಳನ್ನು ಒರೆಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: “ಈಸ್ಟರ್ ಒಳಗೆ ಕೂಡಿ ಬರ್ಲಿಲ್ಲ ಅಂದ್ರೆ ಓಸ್ಲೋದಿಂದ ಒಬ್ಬನನ್ನ ಕರೆಸಬೇಕಾಗುತ್ತೆ.”

“ಆ ಒಂದು ಹಾಡಿಗಾ?” ಎಂದ ಯೋರುಂಡ್.

“ಆಲ್ಬಮ್ಮಿಗೆ ಎರಡು ಕೈ ಆಗಲ್ಲ. ಆರಕ್ಕೂ ಅವನೇ.”

ಯೋರುಂಡ್ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು, “ಸರಿ,” ಎಂದ. ಹನ್ನೊಂದು ವರ್ಷಕ್ಕೆ ಅವನು ಕೊಟ್ಟ ಉತ್ತರ ಅಷ್ಟೆ. ಮನೆಗೆ ಹೋಗಿ ಸಿಗ್ನೆಗೂ ಹೇಳಲಿಲ್ಲ. ಅವಳಿಗೆ ಅಂಗಡಿಯಲ್ಲಿ ಗೊತ್ತಾಯಿತು.

ಭಾನುವಾರದ ಊಟ ಸಿಗ್ನೆಯ ತಾಯಿ ಬೋರ್ಗ್‌ಹಿಲ್ಡ್ ಮನೆಯಲ್ಲಿ. ಮಕ್ಕಳು ‘ಗೂಮೋ’, ಅಂದರೆ ಅಜ್ಜಿ, ಎಂದು ಕರೆದು ಕರೆದು ಈಗ ಮನೆಯವರಿಗೆಲ್ಲ ಅವಳು ಗೂಮೋ. ಎಪ್ಪತ್ತಮೂರು ವರ್ಷ, ಅರವತ್ತು ವರ್ಷ ಕುಣಿದವಳು, ಸ್ಪರ್ಧೆಗಳಲ್ಲಿ ಗೆದ್ದ ಬೆಳ್ಳಿ ಚಮಚಗಳಲ್ಲೇ ಸಕ್ಕರೆ ಕಲಕುವವಳು. ಒಲೆಯ ಮೇಲೆ ಆಲೂಗೆಡ್ಡೆ ಬೇಯುತ್ತಿತ್ತು, ಪಕ್ಕದಲ್ಲಿ ಮಾಂಸದುಂಡೆ ಕಂದು ಸಾರಿನಲ್ಲಿ ಕುದಿಯುತ್ತಿತ್ತು. ಯೋರುಂಡ್ ಕಿಟಕಿಯಾಚೆಯ ಹಿಮವನ್ನು ನೋಡುತ್ತ, ಬೆರಳಲ್ಲಿ ಮೇಜು ಬಡಿಯುತ್ತಿದ್ದ.

“ಮೇಜು ಕುಟ್ಟಿದ್ರೆ ಆಲೂಗೆಡ್ಡೆ ಬೇಗ ಬೇಯಲ್ಲ,” ಎಂದಳು ಗೂಮೋ. ತುಸು ಹೊತ್ತು ಕೇಳಿ, “ಏನದು?” ಎಂದಳು.

“ಆಸ್ಲಾಕನ ಅಜ್ಜಿಯ ಸ್ಪ್ರಿಂಗಾರ್, ಗೂಮೋ. ಹಾಳಾದ್ದು.”

“ಅದಾ? ಅದು ಅದಲ್ಲ.”

“ಅದೇ.”

ಅವಳು ಚಮಚ ಕೆಳಗಿಟ್ಟು ಅವನ ಬೆರಳಿನ ಪೆಟ್ಟಿನ ಮೇಲೆ ಆ ಮಟ್ಟನ್ನು ಗುನುಗಿದಳು. ಎರಡು ಸಾಲು ಆಗುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು.

“ಎದ್ದು ಬಾ,” ಎಂದಳು.

“ನನ್ನ ಮಂಡಿ…”

“ಇಪ್ಪತ್ತೆರಡು ವರ್ಷದಿಂದ ಕೇಳ್ತಿದ್ದೀನಿ ಆ ಮಂಡಿ ಕಥೆ. ಎದ್ದು ಬಾ ಅಂದೆ.”

ಮಂಡಿಯ ಕಥೆಗೆ ಒಂದು ಹಿನ್ನೆಲೆ ಇತ್ತು. ಬಂದ ಹೊಸದರಲ್ಲಿ ಭವನದ ಕುಣಿತವೊಂದರಲ್ಲಿ ಯೋರುಂಡ್ ಸಿಗ್ನೆಯ ಕಾಲನ್ನು ಮೂರು ಸಲ ತುಳಿದಿದ್ದ. ತನ್ನೂರಿನಲ್ಲಿ ಚೆನ್ನಾಗಿ ಕುಣಿಯುತ್ತಿದ್ದವನು ನಾಚಿ, ಮಂಡಿ ನೋವೆಂದು ಬೆಂಚಿಗೆ ಹೋಗಿ ಕೂತ. ಆಮೇಲೆ ಆ ಬೆಂಚಿನಿಂದ ಎದ್ದೇ ಇರಲಿಲ್ಲ.

ಈಗ ಅತ್ತೆ ಅಳಿಯ ಇಬ್ಬರೂ ಮೇಜಿಗೂ ಒಲೆಗೂ ನಡುವಿನ ಜಾಗದಲ್ಲಿ ಕೈ ಹಿಡಿದು ಸುತ್ತಿದರು. ಅವಳು ಗುನುಗುತ್ತಿದ್ದಳು. ಕಿಟಕಿಯ ಬಿಳಿ ಬೆಳಕು ನೆಲದ ಹಲಗೆಗಳ ಮೇಲೆ ಚಾಚಿ, ಅವರ ಕಾಲುಗಳು ಅದರೊಳಗೆ ಹೋಗಿ ಬರುತ್ತಿದ್ದವು. ಮೂರನೆಯ ಸುತ್ತಿಗೆ ಅವಳು ನಿಂತಳು.

“ನಾನು ಇಳಿಯೋವಾಗ ನೀನು ಏಳ್ತೀಯ.”

“ನೀನು ತಡವಾಗಿ ಇಳೀತೀಯ, ಗೂಮೋ.”

“ಬಾಯಿ ಮುಚ್ಚು. ಒಬ್ಬನೇ ಹೆಜ್ಜೆ ಹಾಕು.”

ಅವನ ಹೆಗಲ ಮೇಲೆ ಅಂಗೈಯಿಟ್ಟು ಅವಳು ಕಣ್ಣು ಮುಚ್ಚಿದಳು. ಅವನು ನಾಲ್ಕು ಹೆಜ್ಜೆ ಹಾಕಿದ, ಎಂಟು ಹಾಕಿದ. ಅವಳ ಮುಖ ಮೊದಲು ಶಾಂತವಾಯಿತು, ಆಮೇಲೆ ಅಲುಗಿತು, ಆಮೇಲೆ ಅವಳು ಒಲೆಯ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಸಿಗ್ನೆ, ಇಲ್ಲಿ ಬಾ! ನಿನ್ನ ಗಂಡ ಇನ್ನೂ ವಾಲ್ದ್ರೆಸ್‌ನಲ್ಲೇ ನಡೀತಿದ್ದಾನೆ ಕಣೇ!”

ವಿಷಯ ಇಷ್ಟೆ. ಉದ್ದ, ನಡು, ಗಿಡ್ಡ ಎಂಬ ಮೂರು ಪೆಟ್ಟು ಎರಡೂ ಕಣಿವೆಯಲ್ಲಿ ಒಂದೇ ಸರದಿಯಲ್ಲಿ ಸುತ್ತುತ್ತವೆ. ತೆಲೆಮಾರ್ಕಿನವರು ಉದ್ದದ ಪೆಟ್ಟಿಗೆ ಹತ್ತಿಕೊಂಡು, ಅದನ್ನು ಮೊದಲನೆಯದೆಂದು ಮೈಭಾರ ಬಿಡುತ್ತಾರೆ. ವಾಲ್ದ್ರೆಸ್‌ನವರು ಅದಕ್ಕೂ ಹಿಂದಿನ ಗಿಡ್ಡ ಪೆಟ್ಟಿಗೇ ಹತ್ತಿಕೊಳ್ಳುತ್ತಾರೆ; ಅವರಿಗೆ ಅದು ಮೊದಲನೆಯದು. ಚಕ್ರ ಒಂದೇ, ಹತ್ತುವ ಜಾಗ ಬೇರೆ. ಇವರ ಮೂರನೆಯ ಪೆಟ್ಟು ಅವರ ಮೊದಲ ಪೆಟ್ಟು. ಕಂಪ್ಯೂಟರಿಗೆ ಪೆಟ್ಟು ಕಾಣುತ್ತದೆ, ಮೊದಲನೆಯದು ಯಾವುದೆಂದು ಕಾಣುವುದಿಲ್ಲ.

“ಹಾಗಾದ್ರೆ ನಂದು ತಪ್ಪು,” ಎಂದ ಯೋರುಂಡ್.

“ತಪ್ಪಲ್ಲ. ನಮ್ಮದಲ್ಲ, ಅಷ್ಟೆ. ಆಲೂಗೆಡ್ಡೆ ಬೆಂತು, ಕೂತ್ಕೋ.”

ಅವನು ತಂಡಕ್ಕೆ ಹೇಳಲಿಲ್ಲ. ಬದಲಾಯಿಸಿಕೊಂಡರೆ ಹೇಳುವ ಅಗತ್ಯವೇ ಬಾರದು ಎಂದುಕೊಂಡ. ಎರಡು ವಾರ ಲಾರಿಯಲ್ಲಿ, ಆ ನೀಲಿ ಬೆಳಕಿನಲ್ಲಿ, ಎಡಗಾಲಿಗೆ ಹೊಸ ಪಾಠ ಹೇಳಿದ. ರಸ್ತೆಯ ಇಕ್ಕೆಲದ ಹಿಮದ ಗೋಡೆಗಳು ಲಾರಿಗಿಂತ ಎತ್ತರ. ನಡುವೆ ಹೋಗುತ್ತಿದ್ದರೆ ಎಲ್ಲಿಯೂ ಹೋಗದೆ ನಿಂತಲ್ಲೇ ತೇಲುತ್ತಿದ್ದಂತೆ ಅನಿಸುತ್ತದೆ. ಕಾಲು ಸ್ವಲ್ಪ ದೂರ ಹೇಳಿದಂತೆ ಕೇಳುತ್ತಿತ್ತು. ಮನಸ್ಸು ಜಾರಿದ ಕೂಡಲೇ ವಾಪಸು. ಜಾರಿದ ಮನಸ್ಸು ಹೋಗುತ್ತಿದ್ದದ್ದು ಒಂದೇ ಕಡೆಗೆ: ವಾಲ್ದ್ರೆಸ್‌ನ ಅಡುಗೆಮನೆಯ ಬೆಂಚಿನ ಮೇಲೆ, ಕುರಿಯ ತುಪ್ಪಳದ ಹೊದಿಕೆಯಡಿ, ನಾಲ್ಕು ವರ್ಷದ ಅವನು ಮಲಗಿದ್ದಾನೆ. ಸೋದರಮಾವ ಪಿಟೀಲು ನುಡಿಸುತ್ತ ಕಾಲಿನಿಂದ ನೆಲ ತಟ್ಟುತ್ತಿದ್ದಾನೆ. ಪಿಟೀಲು ಕಿವಿಗೆ ಬರುತ್ತಿದೆ, ಕಾಲಿನ ಪೆಟ್ಟು ಹಲಗೆಯ ಮೂಲಕ ನೇರ ಬೆನ್ನಿಗೆ ಬರುತ್ತಿದೆ. ಮೊದಲ ಪೆಟ್ಟು ಎಲ್ಲಿದೆ ಎಂದು ಅವನ ಬೆನ್ನಿಗೆ ಗೊತ್ತು. ಅದನ್ನು ಅಲ್ಲಿಂದ ಕೀಳಬೇಕಿತ್ತು.

ಕಿತ್ತ. ಈಸ್ಟರಿಗೆ ಹನ್ನೆರಡು ದಿನ ಮುಂಚೆ, ಮಂಗಳವಾರ, ಆರನೆಯ ಹಾಡನ್ನು ಮೊದಲಿನಿಂದ ಹಿಡಿದು ಒಂಬತ್ತು ನಿಮಿಷ ತಲೆ ಸುತ್ತದಂತೆ ನುಡಿಸಿದರು. ಆಸ್ಲಾಕ್ ತಲೆದೂಗಿದ. ನಡುವೆ ಪಿಟೀಲಿನ ಕಮಾನು ಇಳಿಸಿದವಳು ಓಸ್ನೆ.

“ಇದು ಯಾರು ಬಾರಿಸ್ತಿರೋದು?”

“ನಾನೇ. ಯಾಕೆ?”

“ಮುನ್ಸಿಪಾಲಿಟಿ ಕಚೇರಿಯವರು ಬಾರಿಸಿದ ಹಾಗಿದೆ. ಎಲ್ಲಾ ಸರಿ ಇದೆ. ಒಳಗೆ ಯಾರೂ ಇಲ್ಲ.”

ಆಗ ಅವನು ಹೇಳಿದ. ಅಡುಗೆಮನೆ, ಗೂಮೋ, ಉದ್ದ, ಗಿಡ್ಡ, ಬೆಂಚು, ಎಲ್ಲವನ್ನೂ. ಅವನು ಅಷ್ಟು ಮಾತಾಡಿದ್ದನ್ನು ಅವರು ನೋಡಿರಲಿಲ್ಲ. ಓಸ್ನೆ ಹಣೆ ಹಿಡಿದುಕೊಂಡು, “ಐದು ತಿಂಗಳು! ನಾವೆಂಥ ಪೆದ್ದರು! ಮತ್ತೆ ಬಾಕಿ ಹಾಡುಗಳು ಹೇಗೆ ಕೂಡಿದ್ವು?” ಎಂದಳು.

“ಏಳರ ತಾಳ ಯಾವ ಕಣಿವೆಯದೂ ಅಲ್ವಲ್ಲ,” ಎಂದ ಯೋರುಂಡ್. “ಅಲ್ಲಿ ಯಾರ ಅಜ್ಜಿಯೂ ಇಲ್ಲ.”

ಆಸ್ಲಾಕ್ ನಗಲಿಲ್ಲ. ತಂತಿ ಸುತ್ತುತ್ತಿದ್ದ. “ಆ ಮಟ್ಟನ್ನ ಅಜ್ಜಿ ನನ್ನ ಕೈ ಹಿಡಿದು ಕಲಿಸಿದ್ದು. ಅದರ ಮೊದಲ ಪೆಟ್ಟನ್ನ ನಾನು ಸರಿಸಲ್ಲ,” ಎಂದ.

“ಸರಿಸು ಅಂತ ನಾನೂ ಕೇಳ್ತಿಲ್ಲ. ಓಸ್ಲೋದವನನ್ನ ಕರೆಸು.”

“ಓಸ್ಲೋದವನು ಮೂರನ್ನೂ ಸಮ ಮಾಡಿ ಬಾರಿಸ್ತಾನೆ,” ಎಂದಳು ಓಸ್ನೆ. “ಆಮೇಲೆ ಅದು ವಾಲ್ಟ್ಜ್. ಡೆನ್ಮಾರ್ಕಿಗೆ ಹೋಗೋ ಹಡಗಿನಲ್ಲಿ ನುಡಿಸಬಹುದು, ಮುದುಕರು ಚಪ್ಪಾಳೆ ತಟ್ತಾರೆ.”

ಶೆಟಿಲ್ ಕೆಮ್ಮಿದ. ಎಲ್ಲರೂ ತಿರುಗಿದರು. “ಅವನು ಅವನದ್ದು ಬಾರಿಸ್ಲಿ, ನಾವು ನಮ್ಮದು,” ಎಂದ ಅವನು. ಆ ವರ್ಷದ ಮೊದಲ ಮಾತು ಅದಾಗಿತ್ತು. ಆಸ್ಲಾಕ್ ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಕೋಟು ತೊಟ್ಟು ಹೊರಟುಹೋದ.

ಈಸ್ಟರ್ ಬಂತು. ವಾಡಿಕೆಯಂತೆ ಊರಿಗೆ ಊರೇ ಬೆಟ್ಟದ ಮೇಲಿನ ಮರದ ಮನೆಗಳಿಗೆ ಹೋಗಿ, ಬಿಸಿಲಿಗೆ ಮುಖವೊಡ್ಡಿ ಕಿತ್ತಳೆ ಸುಲಿಯಿತು. ಆಸ್ಲಾಕನಿಂದ ಫೋನ್ ಬರಲಿಲ್ಲ. ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಕೇಳುವುದು ಇಲ್ಲಿನ ರೀತಿಯಲ್ಲ, ಯೋರುಂಡ್ ಕೇಳಲಿಲ್ಲ. ಸ್ಟುಡಿಯೋದ ಮೊದಲ ದಿನ ಡ್ರಮ್ಸ್ ತುಂಬಿಕೊಂಡು ಬೋ ಊರಿಗೆ ಹೋದ. ಅಲ್ಲಿ ಬೇರೆ ಡ್ರಮ್ಮರ್ ಇರಲಿಲ್ಲ. ಆಸ್ಲಾಕ್, “ಕಾಫಿ ಇದೆ,” ಎಂದನಷ್ಟೆ.

ಆ ಸ್ಟುಡಿಯೋ ಹಿಂದೆ ಹಾಲಿನ ಡೈರಿಯಾಗಿತ್ತು. ಗೋಡೆಗೆ ಬಿಳಿ ಹೆಂಚು, ಎತ್ತರದ ಕಿಟಕಿ. ಹಿಮ ಕರಗಿ ಸೂರಿನಿಂದ ಹನಿಯುವ ನೀರಿನ ನೆರಳು ದಿನವಿಡೀ ಹೆಂಚಿನ ಮೇಲೆ ಓಡುತ್ತಿತ್ತು. ನಾಲ್ಕು ದಿನದಲ್ಲಿ ಐದು ಹಾಡು ಮುಗಿದವು. ಐದನೆಯ ದಿನ ಮಧ್ಯಾಹ್ನ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ, ಆಸ್ಲಾಕ್ ಡ್ರಮ್ಸ್ ಮುಂದೆ ಬಂದು ನಿಂತ.

“ನಿನ್ನದೇ ಬಾರಿಸು,” ಎಂದ. “ಒಂದು ಸಲ. ಆಗದಿದ್ರೆ ಓಸ್ಲೋಗೆ ಫೋನ್ ಮಾಡ್ತೀನಿ. ಐದನ್ನೂ ಅವನೇ ಮತ್ತೆ ಬಾರಿಸ್ತಾನೆ. ಬೇಜಾರು ಮಾಡ್ಕೋಬೇಡ.”

“ಮಾಡ್ಕೋತೀನಿ,” ಎಂದ ಯೋರುಂಡ್. “ಆದ್ರೂ ಸರಿ.”

ಎಲ್ಲರ ಕಿವಿಗೆ ಸಮನಾದ ಟಿಕ್ ಟಿಕ್ ಕಳಿಸುವ ಯಂತ್ರವನ್ನು ನಿಲ್ಲಿಸಲು ಹೇಳಿದರು. ಸ್ಟುಡಿಯೋದ ತಂತ್ರಜ್ಞ ಪರದೆಯ ಮೇಲಿನ ತಾಳದ ಗೆರೆಗಳನ್ನು ಅಳಿಸಿ ಕೈಕಟ್ಟಿ ಕೂತ.

ಓಸ್ನೆ ಒಬ್ಬಳೇ ಆರಂಭಿಸಿದಳು, ಅಜ್ಜಿಯ ಮಟ್ಟನ್ನು, ಅಜ್ಜಿ ಭಾರ ಬಿಡುತ್ತಿದ್ದ ಕಡೆಯೇ ಭಾರ ಬಿಟ್ಟು. ಎರಡು ನಿಮಿಷಕ್ಕೆ ಯೋರುಂಡನ ತಗ್ಗುದನಿಯ ಡ್ರಮ್ ಬಂತು, ಒಂದು ಹೆಜ್ಜೆ ಮೊದಲೇ ಒಳಗೆ ಕಾಲಿಟ್ಟು. ಈ ಸಲ ಅವರು ಒಬ್ಬರನ್ನೊಬ್ಬರು ಎಳೆಯಲಿಲ್ಲ. ಪಿಟೀಲು ಇಳಿಯುವಾಗ ಡ್ರಮ್ ಏಳುತ್ತಿತ್ತು, ಡ್ರಮ್ ಇಳಿಯುವಾಗ ಪಿಟೀಲು ಆಗಲೇ ಏಳುವ ಹಾದಿಯಲ್ಲಿರುತ್ತಿತ್ತು. ನೆಲ ಎಲ್ಲಿದೆ ಎಂದು ಹುಡುಕುವುದನ್ನು ಕಿವಿ ನಾಲ್ಕನೆಯ ನಿಮಿಷಕ್ಕೆ ಬಿಟ್ಟುಕೊಟ್ಟಿತು. ಗಿಟಾರ್ ತನ್ನೆಲ್ಲ ಭಾರದೊಂದಿಗೆ ಬಂದಾಗಲೂ ಆ ಭಾರ ಎಲ್ಲಿಯೂ ಕೂರಲಿಲ್ಲ, ಸುತ್ತುತ್ತಲೇ ಇತ್ತು. ಆರನೆಯ ನಿಮಿಷದಲ್ಲಿ ಎಲ್ಲ ನಿಂತು ಬರಿಯ ಕೆಳತಂತಿಗಳ ಗುಂಯ್‌ಕಾರ ಉಳಿಯಿತು. ಅದರೊಳಗೆ ಯೋರುಂಡನ ಎಡಗಾಲಿನ ಸದ್ದು ಮೆಲ್ಲಗೆ ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿದ್ದ. ಓಸ್ನೆ ಹಾಡಿದಳು. ಒಂಬತ್ತನೆಯ ನಿಮಿಷಕ್ಕೆ ಆಸ್ಲಾಕನ ಗರ್ಜನೆ ಬಂತು. ಹದಿನಾಲ್ಕನೆಯದಕ್ಕೆ ಮುಗಿಯಿತು.

ನಾಲ್ವರೂ ತಂತ್ರಜ್ಞನ ಕೋಣೆಗೆ ಹೋಗಿ, ನಿಂತುಕೊಂಡೇ ಮೊದಲಿನಿಂದ ಕೇಳಿದರು. ಒಂಬತ್ತನೆಯ ನಿಮಿಷದಲ್ಲಿ ತಂತ್ರಜ್ಞ ತಡೆದ. ಅವನು ಕೆಳಗಿನ ಊರಿನವನೇ; ಸ್ಪ್ರಿಂಗಾರ್ ಗೊತ್ತಿದ್ದವನು.

“ಆಸ್ಲಾಕ್, ಇಲ್ಲಿ ನೀನು ಒಂದು ಪೆಟ್ಟು ಮೊದಲೇ ಬಂದಿದ್ದೀಯ. ಡ್ರಮ್ಸ್ ಜೊತೆ ಇಳಿದಿದ್ದೀಯ, ಪಿಟೀಲಿನ ಜೊತೆ ಅಲ್ಲ. ಎಳೆದು ಸರಿ ಮಾಡ್ಲಾ?”

ಆಸ್ಲಾಕ್ ಮತ್ತೊಮ್ಮೆ ಕೇಳಿಸಲು ಹೇಳಿದ. ಗರ್ಜನೆ ಗಿಡ್ಡ ಪೆಟ್ಟಿನ ಮೇಲೆ, ವಾಲ್ದ್ರೆಸ್‌ನವರು ಮೊದಲನೆಯದು ಎನ್ನುವ ಕಡೆ, ಪೂರ್ತಿ ಮೈಭಾರದೊಂದಿಗೆ ಇಳಿದಿತ್ತು. ಅಜ್ಜಿಯಿಂದ ಕಲಿತ ಮೈಯೇ ಅಲ್ಲಿಗೆ ಹೋಗಿತ್ತು. ಅವನಿಗೆ ತಿಳಿದೇ ಇರಲಿಲ್ಲ. ಅವನು ಕಿಟಕಿಯತ್ತ ತಿರುಗಿದ. ಯೋರುಂಡ್ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

“ಬಿಡು, ಇರ್ಲಿ,” ಎಂದ ಆಸ್ಲಾಕ್.

“ಇನ್ನೊಂದು ಸಲ ಬಾರಿಸೋದಾ?” ಎಂದು ಯೋರುಂಡ್ ಕೇಳಿದ.

“ಬೇಡ.” ಆಸ್ಲಾಕ್ ಬಾಗಿಲ ಬಳಿ ಹೋಗಿ ನಿಂತ. “ತೀರಾ ಕೆಟ್ಟದಾಗೇನಿಲ್ಲ.”

ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಯೋರುಂಡನ ಕಿವಿಗಳು ಕೆಂಪಾದವು. ಓಸ್ನೆ ಹಿಂದಿನ ಅಡುಗೆಮನೆಗೆ ಹೋಗಿ ಪೆಟ್ಟಿಗೆಯ ಪಿಜ್ಜಾ ಎರಡನ್ನು ಒಲೆಗೆ ತಳ್ಳಿದಳು. ನಾಲ್ವರೂ ಡೈರಿಯ ಕಲ್ಲು ಮೆಟ್ಟಿಲ ಮೇಲೆ, ಏಪ್ರಿಲ್ ಬಿಸಿಲಲ್ಲಿ, ಸೂರಿನ ಹನಿ ಬೀಳದ ಕಡೆ ನೋಡಿಕೊಂಡು ಕೂತರು. ಆಸ್ಲಾಕ್ ದೊಡ್ಡ ತುಂಡನ್ನು ಯೋರುಂಡನ ತಟ್ಟೆಗೆ ಹಾಕಿ, ತನಗೆ ಅಂಚಿನದನ್ನು ತೆಗೆದುಕೊಂಡ.